ಮೋಟರಿಗೆ ಸುತ್ತಿದ ಪ್ಲಾಸ್ಟರು

ಅಪ್ಪ,

ಹೇಗಿದ್ದೀಯ ಅಂತ ಕೇಳುವ ಹಾಗಿಲ್ಲ, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಒಂದು ಸಂಜೆ ನಿನ್ನ ಟರ್ನ್‌ಟೇಬಲ್ ಹಾಡಿನ ಮಧ್ಯದಲ್ಲೇ ನಿಂತುಹೋಯಿತು. ಆ ದೇವಿಯ ಹಾಡಿನ ಎರಡನೇ ಚರಣ ನಡೆಯುತ್ತಿತ್ತು. ದನಿ ಮೆಲ್ಲಗೆ ದಪ್ಪವಾಗುತ್ತಾ ಹೋಗಿ ಗಂಡಸಿನ ದನಿಯಾಗಿ, ಆಮೇಲೆ ಬರೀ ಗೊರಗೊರ ಆಗಿ, ನಿಂತೇಬಿಟ್ಟಿತು. ಸುಟ್ಟ ರಬ್ಬರಿನ ವಾಸನೆ. ನಾನು ಓಡಿಹೋಗಿ ಪ್ಲಗ್ ಕಿತ್ತೆ. ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದ ಅಮ್ಮ ತಲೆಯೆತ್ತಿ "ನಿಂತ್ಹೋಯ್ತಾ?" ಅಂದವಳು ಮತ್ತೆ ಸೊಪ್ಪಿಗೇ ಕೈ ಹಾಕಿದಳು. ಆವತ್ತಿನಿಂದ ಮನೆಯಲ್ಲಿ ಒಂದೇ ಚರ್ಚೆ. ಇದನ್ನೇ ರಿಪೇರಿ ಮಾಡಿಸಿ, ಒಳಗೆ ಒಳ್ಳೆಯ ಸಾಮಾನು ಹಾಕಿಸಿ ಇಟ್ಟುಕೊಳ್ಳುವುದಾ, ಇಲ್ಲ ಇದಕ್ಕೆ ಕೈಮುಗಿದು ಬೇರೆಯದನ್ನು ತರುವುದಾ?

ನೀನು ಹೋಗುವ ಸ್ವಲ್ಪ ದಿನ ಮುಂಚೆ ಒಂದು ಭಾನುವಾರ ಬೆಳಿಗ್ಗೆ, ಹಲಸೂರಿನ ಈ ಮನೆಯ ಮೆಟ್ಟಿಲ ಮೇಲೆ ಕೂತು ನನ್ನನ್ನು ಒಂದು ಮಾತು ಕೇಳಿದ್ದು ನೆನಪಿದೆಯಾ? ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. "ಮಂಜು, ನಿಮ್ಮಮ್ಮಂಗೆ ನನ್ ಮೇಲೆ ಏನಾದ್ರೂ ಕೋಪನಾ?" ಯಾಕಪ್ಪಾ ಅಂದರೆ, "ಏನಿಲ್ಲ, ಸಂಜೆ ಪ್ಲೇಟು ಹಾಕಿದ್ರೆ ಈಗೀಗ ಹಾಡೋದೇ ಇಲ್ಲ. ಎದ್ದು ಒಳಗೆ ಹೋಗ್ಬಿಡ್ತಾಳೆ." ನಾನು ನಕ್ಕು, ಕೇಳ್ತೀನಿ ಇರು ಅಂದಿದ್ದೆ. ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು, ಯಾರು ಏನು ಕೇಳಿದರೂ ಉತ್ತರ ಹುಡುಕುವುದು ನನ್ನ ಚಟ. ಆದರೆ ಹುಡುಕುವಷ್ಟರಲ್ಲಿ ನೀನೇ... ಎದೆನೋವು ಅಂತ ಆಟೋ ಹತ್ತಿದವನು ವಾಪಸ್ ಬರಲಿಲ್ಲ. ಅಮ್ಮನಿಗೆ ನಿನ್ನ ಮೇಲೆ ಕೋಪ ಇತ್ತಾ ಇಲ್ಲವಾ? ಮೂರು ವರ್ಷದಿಂದ ಆ ಪ್ರಶ್ನೆ ನನ್ನ ಹತ್ತಿರವೇ ಉಳಿದಿತ್ತು. ಈಗ ಉತ್ತರ ಸಿಕ್ಕಿದೆ ಅಪ್ಪ. ಸಿಕ್ಕಿದ್ದು ಈ ಟರ್ನ್‌ಟೇಬಲ್ ಕೆಟ್ಟಿದ್ದರಿಂದ. ನಿನಗೆ ಹೇಳದೆ ನನಗೆ ಸಮಾಧಾನ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ನೀನು ಎಲ್ಲಿದ್ದರೂ ಮನೆಗೆ ಬರುತ್ತಿದ್ದ ಕಾಲ ಒಂದಿತ್ತು. ಅಮ್ಮ ತುಳಸಿಗೆ ದೀಪ ಇಟ್ಟು ಒಳಗೆ ಬರುವುದಕ್ಕೂ ನೀನು ಮುಳ್ಳನ್ನು ರೆಕಾರ್ಡಿನ ಮೇಲೆ ಇಳಿಸುವುದಕ್ಕೂ ಸರಿಹೋಗುತ್ತಿತ್ತು. ಅವಳು ಅಡುಗೆಮನೆಯಿಂದಲೇ ಜೊತೆಗೆ ಹಾಡುತ್ತಿದ್ದಳು, ಹಾಡಿಗಿಂತ ಒಂದು ಗುಕ್ಕು ಮುಂದೆ. ನೀನು ರೆಕಾರ್ಡಿನ ಸದ್ದನ್ನು ಸಣ್ಣ ಮಾಡುತ್ತಾ ಮಾಡುತ್ತಾ, ಕೊನೆಗೆ ಅಮ್ಮನ ದನಿ ಮಾತ್ರ ಕೇಳುವ ಹಾಗೆ ಮಾಡಿ, ಏನೂ ಗೊತ್ತಿಲ್ಲದವನ ಹಾಗೆ ಪೇಪರ್ ಹಿಡಿದು ಕೂರುತ್ತಿದ್ದೆ. ಪೇಪರ್ ಎಷ್ಟೋ ಸಲ ತಲೆಕೆಳಗಾಗಿರುತ್ತಿತ್ತು. ನೀನು ಅಮ್ಮನನ್ನು ಮೊದಲು ಕೇಳಿದ್ದು ಕೆ.ಆರ್. ಪುರದ ಒಂದು ಮದುವೆಯಲ್ಲಂತೆ, ನೋಡಿದ್ದು ಆಮೇಲಂತೆ. ಮುಳ್ಳು ಮುರಿದು ಮೈಕ್ ಸುಮ್ಮನಾದಾಗ ಹೆಂಗಸರು ಯಾರನ್ನೋ ಹಾಡಲು ಕೂರಿಸಿದರು, ನೀನು ಮರದ ಮೇಲೆ ಮೈಕಿನ ಹಾರ್ನ್ ಕಟ್ಟುತ್ತಿದ್ದವನು ಇಳಿದು ಬಂದು ಯಾರು ಯಾರು ಅಂತ ವಿಚಾರಿಸಿದೆ. ಅಜ್ಜಿ ಈ ಕತೆ ಹೇಳುವಾಗ ಅಮ್ಮ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ನಿನ್ನ ಮೈಕ್ ಸೆಟ್ ಅಂಗಡಿಯ ಮುಂದೆ ಹಾರ್ನ್‌ಗಳನ್ನು ಬೋರಲು ಹಾಕಿ ತೊಳೆಯುತ್ತಿದ್ದ ದೃಶ್ಯ ನನಗೆ ಚೆನ್ನಾಗಿ ನೆನಪಿದೆ. ಮರ್ಫಿ ಟೌನಿನ ತಮಿಳರ ಮದುವೆ, ಶಿವಾಜಿನಗರದ ಶಾದಿ, ಚರ್ಚಿನ ಹಬ್ಬ, ನಮ್ಮೂರ ದೇವಿ ಉತ್ಸವ, ಎಲ್ಲಕ್ಕೂ ನೀನೇ. ಹೆಣ್ಣು ಗಂಡಿನ ಹೆಸರು ಮರೆತರೂ ಯಾರ ಮನೆಗೆ ಯಾವ ಹಾಡು ಹಿಡಿಸುತ್ತೆ ಅನ್ನುವುದು ಮರೆಯುತ್ತಿರಲಿಲ್ಲ. ಆ ಟರ್ನ್‌ಟೇಬಲ್ಲನ್ನು ಮಾತ್ರ ಕೆಲಸದವರ ಕೈಗೆ ಕೊಡದೆ ಮಗು ಎತ್ತಿಕೊಂಡ ಹಾಗೆ ನೀನೇ ಎತ್ತಿಕೊಂಡು ಹೋಗುತ್ತಿದ್ದೆ, ಕೆಲಸ ಇಲ್ಲದ ದಿನ ಮನೆಗೇ ತಂದಿಡುತ್ತಿದ್ದೆ. ಆಮೇಲೆ ಕ್ಯಾಸೆಟ್ಟು ಬಂತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ರೆಕಾರ್ಡು ಹಾಕಿ ಅನ್ನುವವರೇ ಇಲ್ಲ. ಹಾರ್ನು, ಆಂಪ್ಲಿಫೈಯರ್ ಎಲ್ಲ ಮಾರಿದೆ, ಇದೊಂದನ್ನು ಮನೆಯಲ್ಲೇ ಉಳಿಸಿಕೊಂಡೆ. ಬೇಜಾರಾಯ್ತಾ ಅಂತ ಕೇಳಿದ್ದಕ್ಕೆ, ಇನ್ಮೇಲೆ ಒಬ್ಬರಿಗೇ ಹಾಕ್ತೀನಿ ಬಿಡು ಅಂದಿದ್ದೆ. ನಿನಗೆ ಬೇಜಾರಾಗಿತ್ತು, ನನಗೆ ಗೊತ್ತಾಗಿತ್ತು.

ಚಿಕ್ಕವಳಿದ್ದಾಗ ನಾನೊಂದು ಪ್ರಶ್ನೆ ಕೇಳಿ ನಿನ್ನನ್ನು ನಗಿಸಿದ್ದೆ. ಒಂದೇ ರೆಕಾರ್ಡನ್ನು ಬೆಳಿಗ್ಗೆ ಹಾಕಿದರೆ ಹಾಡುವವಳು ಚಿಕ್ಕ ಹುಡುಗಿ, ಸಂಜೆ ಹಾಕಿದರೆ ಅವಳ ಅಮ್ಮ, ಹೌದಾ ಅಪ್ಪ? ನೀನು ಹೊಟ್ಟೆ ಹಿಡಿದುಕೊಂಡು ನಕ್ಕು, "ಹೂಂ ಕಣೇ, ಬೆಳಿಗ್ಗೆ ಮಗಳು ಸ್ಕೂಲಿಗ್ ಹೋಗ್ತಾ ಹಾಡ್ತಾಳೆ, ಸಂಜೆ ಅವಳಮ್ಮ ಹಾಡ್ತಾಳೆ" ಅಂದೆ. ನಾನು ಎಷ್ಟೋ ವರ್ಷ ಅದನ್ನೇ ನಂಬಿದ್ದೆ. ದೊಡ್ಡವಳಾಗಿ ಭೌತಶಾಸ್ತ್ರ ಓದಿದರೂ ಅದು ಯಾಕೆ ಹಾಗೆ ಅಂತ ಹಿಂತಿರುಗಿ ನೋಡಲಿಲ್ಲ. ಬೆಳಗಿನ ಹೊತ್ತು ಅಮ್ಮ ಯಾವತ್ತೂ ರೆಕಾರ್ಡಿನ ಜೊತೆ ಹಾಡುತ್ತಿರಲಿಲ್ಲ ಅನ್ನುವುದೂ ತಲೆಗೆ ಹೋಗಲಿಲ್ಲ. ಬೆಳಿಗ್ಗೆ ಕೆಲಸ ಜಾಸ್ತಿ, ಅದಕ್ಕೆ ಅಂದುಕೊಂಡಿದ್ದೆ.

ನಿನ್ನ ಹದಿಮೂರನೇ ದಿನ ಕಳೆದ ಮೇಲೆ ನಾನೇ ಮೊದಲ ಸಲ ಮುಳ್ಳು ಇಳಿಸಿದೆ. ಅಮ್ಮ ಕೇಳುತ್ತಾ ಕೂತಳು, ತುಟಿ ಪಿಟಕ್ ಅನ್ನಲಿಲ್ಲ. ದುಃಖ, ಸ್ವಲ್ಪ ದಿನ ಹೋಗಲಿ ಅಂದರು ಎಲ್ಲರೂ. ವರ್ಷ ಆಯಿತು, ಎರಡಾಯಿತು. ಚಿಕ್ಕಮ್ಮ ಬಂದಾಗಲೆಲ್ಲ "ಭಾವ ಹೋದ್ಮೇಲೆ ಅಕ್ಕನ ಗಂಟ್ಲೂ ಹೋಯ್ತು" ಅಂತ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಮಾತ್ರ ಒಪ್ಪುವ ಹಾಗಿರಲಿಲ್ಲ. ನೀನು ಮೆಟ್ಟಿಲ ಮೇಲೆ ಆ ಪ್ರಶ್ನೆ ಕೇಳಿದಾಗ ನೀನಿನ್ನೂ ಬದುಕಿದ್ದೆ. ಅಂದರೆ ಅವಳು ಹಾಡು ನಿಲ್ಲಿಸಿದ್ದು ಅದಕ್ಕೂ ಮುಂಚೆ. ದುಃಖ ಮುಂಗಡವಾಗಿ ಬರುತ್ತದಾ? ಹಾಗಾದರೆ ಕೋಪವೇ ಇರಬೇಕಾ? ಯಾವುದಕ್ಕೆ? ಕೇಳಿದರೆ "ಸುಮ್ನಿರೇ, ತಲೆ ತಿನ್ಬೇಡ" ಅನ್ನುವುದೊಂದೇ ಉತ್ತರ.

ಟರ್ನ್‌ಟೇಬಲ್ ನಿಂತ ಮರುದಿನವೇ ನಿನ್ನ ಅಳಿಯ ತೀರ್ಪು ಕೊಟ್ಟಾಯಿತು. "ಮಂಜುಳಾ, ಅದು ಪ್ಲೇಯರ್ ಅಲ್ಲ, ಗಿರಣಿ. ಬಿಸಾಕು, ಹೊಸದು ತರೋಣ." ಅವರಿಗೆ ನಿನ್ನ ಸಾಮಾನಿನ ಮೇಲೆ ಗೌರವ ಇಲ್ಲ ಅಂತಲ್ಲ, ಅದು ಕೂತಿರುವ ಮೂಲೆಯ ಮೇಲೆ ಕಣ್ಣು, ಅಷ್ಟೇ. ಅಲ್ಲಿ ಕಂಪ್ಯೂಟರ್ ಮೇಜು ಹಾಕಬೇಕಂತೆ. ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅಷ್ಟು ಭಾರದ ಕಬ್ಬಿಣದ ತಟ್ಟೆ ಈಗಿನ ಯಾವ ಹೊಸದರಲ್ಲಿದೆ? ಮೋಟರ್ ಸರಿಮಾಡಿಸಿ, ಮುಳ್ಳಿನ ತಲೆ ಹೊಸದು ಹಾಕಿಸಿದರೆ ಇನ್ನೂ ಇಪ್ಪತ್ತು ವರ್ಷ ಓಡುತ್ತದೆ ಅಂತ ವಾದ ಮಾಡಿದೆ. ಅಮ್ಮನನ್ನು ಕೇಳಿದರೆ, "ನಿಮಗ್ ಹೆಂಗ್ ಸರಿ ಅನ್ಸುತ್ತೋ ಹಂಗ್ ಮಾಡಿ, ನಂಗೆ ಎರಡೂ ಒಂದೇ." ಆ ಮಾತು ನನ್ನನ್ನು ಚುಚ್ಚಿತು. ನಿನ್ನ ಟರ್ನ್‌ಟೇಬಲ್ಲು ಅವಳಿಗೆ ಎರಡೂ ಒಂದೇ ಹೇಗಾಗುತ್ತದೆ?

ಆಟೋದಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಶಿವಾಜಿನಗರಕ್ಕೆ ಹೋದೆ. ಕಾಲು ಜೋಮು ಹಿಡಿಯಿತು. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ, "ತಕ್ಕಡಿನಾ ಮೇಡಂ? ಮಾರ್ಕೆಟ್ಟಲ್ಲಿ ಅಂಗಡಿ ಇಟ್ಟಿದೀರಾ?" ಅಂದ. ಇಲ್ಲಪ್ಪ, ಹಾಡು ಹಾಡುತ್ತೆ ಅಂದೆ. ಆಮೇಲೆ ಅವನು ಕನ್ನಡಿ ನೋಡಲಿಲ್ಲ. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ನಜೀರ್ ಭಾಯ್ ಅಂತ ಒಬ್ಬರಿದ್ದಾರೆ, ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಹೋದ ಮೇಲೆ ಅಂಗಡಿ ಹಾಕಿದವರು. ಟೇಪ್ ರೆಕಾರ್ಡರ್, ಮಿಕ್ಸಿ, ಫ್ಯಾನ್ ಎಲ್ಲ ರಿಪೇರಿ. ಇದನ್ನು ನೋಡಿದ್ದೇ ಎರಡು ಕೈಯನ್ನೂ ಪ್ಯಾಂಟಿಗೆ ಒರೆಸಿಕೊಂಡು, "ಅರೆ ವಾಹ್, ಇದು ಅಸಲಿ ಮಾಲು ಐತೆ" ಅಂದರು. ನನಗೆ ಒಳಗೊಳಗೇ ಹೆಮ್ಮೆ, ನಾನೇ ಮಾಡಿದ ಹಾಗೆ.

ನಜೀರ್ ಭಾಯ್ ತಟ್ಟೆ ಎತ್ತಿಟ್ಟು ಒಳಗೆ ಟಾರ್ಚ್ ಬಿಟ್ಟರು. ಮೋಟರಿನಲ್ಲಿ ಎಣ್ಣೆ ಒಣಗಿ ಗೋಂದಾಗಿತ್ತು, ತಟ್ಟೆಯನ್ನು ತಿರುಗಿಸುವ ರಬ್ಬರ್ ಚಕ್ರ ಅದಕ್ಕೆ ಉಜ್ಜಿ ಉಜ್ಜಿ ಕರಗಿತ್ತು. "ಎಲ್ಲ ಹೊಸದು ಹಾಕ್ಬಿಡ್ತೀನಿ ಮೇಡಂ. ಚಕ್ರ, ಮುಳ್ಳಿನ ತಲೆ, ವೈರು. ಬಿಲ್ಕುಲ್ ದುಲ್ಹನ್, ಮದ್ವೆ ಹೆಣ್ಣು ಆಗೋಗ್ತದೆ." ಮೋಟರಿನ ಕಡ್ಡಿಯನ್ನು ಬೆರಳಿಂದ ಮುಟ್ಟಿ ಮುಖ ಸಿಂಡರಿಸಿದರು. "ಇದು ಯಾರು ಮಾಡಿದ್ದು ಗಲೀಜು? ಗಾಯಕ್ಕೆ ಹಾಕೋ ಪ್ಲಾಸ್ಟರ್ ಸುತ್ತವ್ರೆ ನೋಡಿ." ಬ್ಲೇಡ್ ತಗೊಂಡು ಕೆರೆಯಲು ಹೊರಟರು. ಯಾಕೋ ಏನೋ, ನಾನು ಅವರ ಕೈ ಹಿಡಿದುಕೊಂಡುಬಿಟ್ಟೆ. ಮೋಟರ್, ಚಕ್ರ ಮಾತ್ರ ಸರಿಮಾಡಿ, ಆ ಪ್ಲಾಸ್ಟರ್ ಹಾಗೇ ಇರಲಿ ಅಂದೆ. "ಅದಿದ್ರೆ ಸ್ಪೀಡು ಜಾಸ್ತಿ ಹೊಡೀತದೆ ಮೇಡಂ" ಅಂದರು. ಇರಲಿ ಅಂದೆ. ಓದಿದವರ ತಲೆಯೇ ಇಷ್ಟು ಅನ್ನುವ ಹಾಗೆ ನೋಡಿದರು.

ನಾನು ಐದನೆಯದೋ ಆರನೆಯದೋ ಓದುತ್ತಿದ್ದಾಗ ನೀನು ಮನೆಗೆ ಬಂದು ಔಷಧಿ ಡಬ್ಬಿ ತಡಕಾಡಿದ್ದು ಆ ಅಂಗಡಿಯಲ್ಲಿ ನಿಂತಾಗಲೇ ನೆನಪಾಯಿತು. "ಪ್ಲಾಸ್ಟರ್ ಎಲ್ಲಿ?" ಅಮ್ಮ ಗಾಬರಿಯಾಗಿ, "ಯಾರಿಗ್ರೀ ಗಾಯ?" "ಮೋಟರ್‌ಗೆ." ಅಮ್ಮ ತಲೆ ಚಚ್ಚಿಕೊಂಡಳು. ನೀನು ಬಟ್ಟೆ ಪ್ಲಾಸ್ಟರನ್ನು ಸಣ್ಣ ಎಳೆ ಕತ್ತರಿಸಿ, ನಾಲಿಗೆ ಕಚ್ಚಿಕೊಂಡು, ಕಡ್ಡಿಯ ಸುತ್ತ ಸುತ್ತಿದೆ. ಕಡ್ಡಿ ದಪ್ಪವಾದರೆ ಚಕ್ರ ಜೋರಾಗಿ ತಿರುಗುತ್ತದೆ, ತಟ್ಟೆಯೂ. ಇದು ನಮ್ಮ ಏಳನೇ ಕ್ಲಾಸಿನ ಪಾಠ. ಆದರೆ ಹಾಡು ಸರಿಯಾಗಿ ತಿರುಗುತ್ತಿರುವಾಗ ಬೇಕೆಂದೇ ಜೋರು ಮಾಡುವುದು ಯಾಕೆ? ನೀನು ಅಂಥ ತಪ್ಪು ಮಾಡುವವನಲ್ಲ. ಏನೋ ಲೆಕ್ಕ ಇರಲೇಬೇಕು ಅಂತ ದಾರಿಯುದ್ದಕ್ಕೂ ಯೋಚನೆ ಮಾಡುತ್ತಾ ಬಂದೆ.

ಅದೇ ಸುಮಾರಿಗೆ ಮರ್ಫಿ ಟೌನಿನ ಒಂದು ಮದುವೆಗೆ ನೀನು ನನ್ನನ್ನೂ ಕರೆದುಕೊಂಡು ಹೋಗಿದ್ದೆ, ಬೋಂಡದ ಆಸೆ ತೋರಿಸಿ. ಸಂಜೆ ಶಾಮಿಯಾನದ ಸೀರಿಯಲ್ ಸೆಟ್ ಲೈಟು ಹಾಕಿದರು ನೋಡು, ಹಾಡು ಇದ್ದಕ್ಕಿದ್ದ ಹಾಗೆ ಕೂತುಹೋಯಿತು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಎದ್ದು ಬಂದು, "ಏನಯ್ಯಾ, ಮದ್ವೆ ಮನೇಲಿ ಅಳು ಹಾಕ್ತೀಯಾ?" ಅಂತ ಎಲ್ಲರ ಮುಂದೆ ನಿನ್ನನ್ನು ಬೈದರು. ನಿನ್ನ ಕಿವಿ ಕೆಂಪಗಾಗಿತ್ತು. ಲೈಟುಗಳೆಲ್ಲ ಕರೆಂಟು ಎಳೆದುಕೊಂಡು ವೋಲ್ಟೇಜು ಬಿದ್ದು ಮೋಟರು ಸೋತಿತ್ತು, ಅಷ್ಟೇ ವಿಷಯ. ನೀನು ಪ್ಲಾಸ್ಟರ್ ಸುತ್ತಿದ್ದು ಆ ಮದುವೆಯಾದ ಮೇಲೇ ಅಲ್ಲವಾ? ವೋಲ್ಟೇಜು ಬಿದ್ದಾಗ ಮೋಟರು ಎಷ್ಟು ಸೋಲುತ್ತದೋ ಅಷ್ಟನ್ನು ಪ್ಲಾಸ್ಟರು ತುಂಬಿಕೊಡುತ್ತದೆ, ಶಾಮಿಯಾನದಲ್ಲಿ ಹಾಡು ಸರಿಯಾಗಿ ಬರುತ್ತದೆ. ಅಪ್ಪ, ಎಂಥ ತಲೆ ನಿನ್ನದು! ಅಂಗಡಿ ಮುಚ್ಚಿದ ಮೇಲೂ ಅದನ್ನು ಯಾರು ಬಿಚ್ಚುತ್ತಾರೆ? ನಮ್ಮ ಬೀದಿಯ ಸಂಜೆಯ ವೋಲ್ಟೇಜೂ ಶಾಮಿಯಾನದ್ದಕ್ಕಿಂತ ಏನೂ ಮೇಲಲ್ಲ. ಸಂಜೆ ಸರಿಯಾಗಿ ಹಾಡುತ್ತಿತ್ತು, ಬೆಳಿಗ್ಗೆ ವೋಲ್ಟೇಜು ತುಂಬಿದ್ದಾಗ ಓಡುತ್ತಿತ್ತು. ಬೆಳಗಿನ ಹುಡುಗಿಯೂ ಸಂಜೆಯ ಅವಳಮ್ಮನೂ ಬಂದಿದ್ದು ಹೀಗೆ.

ಮೋಟರ್ ರಿಪೇರಿಯಾಗಿ ಮನೆಗೆ ಬಂದ ದಿನ ರೆಕಾರ್ಡಿನ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಕೈಗಡಿಯಾರ ಹಿಡಿದು ಸುತ್ತು ಎಣಿಸಿದೆ. ನಿನ್ನ ಅಳಿಯ "ಸ್ಕೂಲಲ್ಲಿ ಸಾಲದು ಅಂತ ಮನೇಲೂ ಪ್ರಯೋಗ" ಅಂತ ಮೂಗು ಮುರಿದರು. ಬೆಳಿಗ್ಗೆ ನಿಮಿಷಕ್ಕೆ ಇರಬೇಕಾದ್ದಕ್ಕಿಂತ ಒಂದೆರಡು ಸುತ್ತು ಜಾಸ್ತಿಯೇ ಬಂತು, ನಾನು ಅಂದುಕೊಂಡ ಹಾಗೆಯೇ. ಸಂಜೆ ಕಮ್ಮಿಯಾಗಬೇಕಲ್ಲ? ದೀಪದ ಹೊತ್ತಿಗೆ ಮತ್ತೆ ಎಣಿಸಿದೆ. ಅಷ್ಟೇ ಜಾಸ್ತಿ. ಬಲ್ಬು ನೋಡಿದರೆ ಕಿತ್ತಳೆ ಬಣ್ಣಕ್ಕೆ ತಿರುಗಿ ಮಿಣುಕುತ್ತಿದೆ, ವೋಲ್ಟೇಜು ಬಿದ್ದಿರುವುದು ಕಣ್ಣಿಗೇ ಕಾಣುತ್ತಿದೆ. ಆದರೂ ಮೋಟರು ಬೆಳಗಿನ ಹಾಗೇ ಓಡುತ್ತಿದೆ. ನನ್ನ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಎಲ್ಲಿ ಎಡವಿದೆ ಅಂತ ವೈರನ್ನೇ ಹಿಡಿದುಕೊಂಡು ಹೋದೆ. ಟಿವಿ ಹಿಂದೆ, ಧೂಳಿನಲ್ಲಿ, ಗುಂಯ್ ಅನ್ನುತ್ತಾ ಕೂತಿತ್ತು ನಿನ್ನ ಸ್ಟೆಬಿಲೈಸರ್.

ಬಣ್ಣದ ಟಿವಿ ಜೊತೆ ನೀನು ಅದನ್ನು ಹೊತ್ತುಕೊಂಡು ಬಂದ ದಿನ ನಿನ್ನ ಮುಖ ನೋಡಬೇಕಿತ್ತು. ಟಿವಿಗಿಂತ ಅದರ ಮೇಲೇ ನಿನಗೆ ಪ್ರೀತಿ. ಫ್ರಿಜ್ಜು, ಟಿವಿ, ಟರ್ನ್‌ಟೇಬಲ್ಲು ಎಲ್ಲವನ್ನೂ ಅದಕ್ಕೇ ಚುಚ್ಚಿ, ಸೊಂಟದ ಮೇಲೆ ಕೈಯಿಟ್ಟು, "ಇನ್ಮೇಲೆ ನಮ್ಮನೇಲಿ ಯಾವ್ದೂ ಮಂಕಾಗಲ್ಲ ನೋಡು" ಅಂದೆ. ಅಂದರೆ ಆವತ್ತಿನಿಂದ ನಮ್ಮ ಮನೆಯ ರೆಕಾರ್ಡಿಗೆ ಸಂಜೆಯೇ ಇಲ್ಲ, ದಿನವಿಡೀ ಬೆಳಗಿನ ವೇಗ, ವೇಗ ಹೆಚ್ಚಿದರೆ ಹಾಡಿನ ದನಿಯೂ ಏರುತ್ತದೆ. ನೀನು ಮೆಟ್ಟಿಲ ಮೇಲೆ ಪ್ರಶ್ನೆ ಕೇಳಿದ್ದು ಅದೇ ವರ್ಷ ಅಲ್ಲವಾ? ಕೈಯಲ್ಲಿ ವೈರು ಹಿಡಿದು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆದರೆ ಊಹೆಯನ್ನೇ ಉತ್ತರ ಅಂತ ಒಪ್ಪಿಸಿದರೆ ನನ್ನ ಸ್ಕೂಲಿನ ಮಕ್ಕಳಿಗೆ ನಾನು ಸೊನ್ನೆ ಕೊಡುತ್ತೇನೆ. ಪರೀಕ್ಷೆ ಮಾಡಲೇಬೇಕಿತ್ತು.

ಮರುದಿನ ಸಂಜೆ ಅಮ್ಮ ತುಳಸಿಗೆ ದೀಪ ಇಡಲು ಹೋದಾಗ ಟರ್ನ್‌ಟೇಬಲ್ಲನ್ನು ಸ್ಟೆಬಿಲೈಸರಿನಿಂದ ಕಿತ್ತು ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚಿದೆ. ಅವಳಿಗೆ ಹೇಳಲಿಲ್ಲ, ಹೇಳಿದರೆ ಪರೀಕ್ಷೆ ಕೆಡುತ್ತದೆ. ಮುಳ್ಳು ಇಳಿಸಿದೆ. ಹಾಡು ಸಾವಧಾನವಾಗಿ, ತುಂಬಿಕೊಂಡು ಬಂತು. ಎಷ್ಟು ವರ್ಷವಾಗಿತ್ತು ಆ ದನಿ ಕೇಳಿ! ಅಮ್ಮ ಅಡುಗೆಮನೆಯಲ್ಲಿ ಮುದ್ದೆಗೆ ಎಸರಿಟ್ಟಿದ್ದಳು. ಪಲ್ಲವಿ ಮುಗಿಯಿತು. ಏನೂ ಇಲ್ಲ. ಮೊದಲ ಚರಣದಲ್ಲಿ ಸಣ್ಣಗೆ ಏನೋ ಕೇಳಿಸಿದ ಹಾಗಾಯಿತು, ಕುಕ್ಕರ್ ಇರಬೇಕು ಅಂದುಕೊಂಡೆ. ಎರಡನೇ ಚರಣ ಬರುವಷ್ಟರಲ್ಲಿ ಅದು ಅಮ್ಮ. ಒಂದು ಗುಕ್ಕು ಮುಂದೆ. ನಾನು, ನಿನ್ನ ಹಾಗೇ, ಸದ್ದನ್ನು ಸಣ್ಣ ಮಾಡಿದೆ. ಕಣ್ಣಲ್ಲಿ ನೀರು ಬಂತು, ತಡೆದುಕೊಳ್ಳಲಿಲ್ಲ.

ಹಿಟ್ಟಿನ ಕೋಲು ಹಿಡಿದುಕೊಂಡೇ ಅಮ್ಮ ಹೊರಗೆ ಬಂದು ಬಾಗಿಲಲ್ಲಿ ನಿಂತಳು. "ಏನ್ ಮಾಡ್ದೆ ಇದಕ್ಕೆ?" ಏನು ಮಾಡಿದೆ ಅಂತ ಅನಿಸುತ್ತೆ ಅಂದೆ. "ಹಾಡು ಕೆಳಗಿಳಿದೈತೆ." ಗಂಟಲನ್ನು ಬೆರಳಿಂದ ಮುಟ್ಟಿಕೊಂಡಳು. "ನನ್ ಗಂಟ್ಲೇ ಹೋಯ್ತು ಅಂದ್ಕೊಂಡಿದ್ನಲ್ಲೇ ನಾನು. ಆ ವರ್ಷದಿಂದ ಏರು ದನಿಗೆ ಹೋದ್ರೆ ಸಾಕು, ಒಡ್ದ ಮಡಕೆ ಥರ ಆಗೋದು. ವಯಸ್ಸಾಯ್ತು, ಹೋಯ್ತು ಇನ್ನ ಅಂತ ಬಾಯಿಗೆ ಬೀಗ ಹಾಕ್ಕೊಂಡೆ." ವಯಸ್ಸಿಗೆ ಅವಳ ದನಿ ಸ್ವಲ್ಪ ಇಳಿದಿದ್ದೂ ನಿಜ, ಅದೇ ಹೊತ್ತಿಗೆ ಸ್ಟೆಬಿಲೈಸರು ಹಾಡನ್ನು ಮೇಲೆತ್ತಿದ್ದೂ ನಿಜ. ಎರಡರ ಮಧ್ಯೆ ಪಾಪ ಅವಳು ಎಲ್ಲಿ ಹೋಗಬೇಕು? ಅಪ್ಪನಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನೆಲ ನೋಡಿಕೊಂಡು ಅಂದಳು: "ಅವ್ರು ಈ ಗಂಟ್ಲು ಕೇಳ್ಕೊಂಡೇ ಹುಡುಕ್ಕೊಂಡ್ ಬಂದೋರು. ಅದೇ ಹೋಯ್ತು ಅಂತ ಯಾವ್ ಬಾಯಲ್ ಹೇಳ್ಲಿ? ಅವ್ರು ಕೇಳೋ ಮುಂಚೆ ಎದ್ದು ಹೋಗ್ಬಿಡೋಳು."

ನೀನು ಮೆಟ್ಟಿಲ ಮೇಲೆ ಕೂತು ಕೇಳಿದ್ದನ್ನು ಆಗ ಅವಳಿಗೆ ಹೇಳಿದೆ, ಅಪ್ಪ. ಹೇಳಬಾರದಿತ್ತಾ? ಚಪ್ಪಲಿ ಕೈಯಲ್ಲಿ ಹಿಡಿದಿದ್ದನ್ನೂ ಬಿಡದೆ ಹೇಳಿದೆ. ಅಮ್ಮ ಮೊದಲು ನಕ್ಕಳು. "ಕೋಪನಾ? ಅವ್ರ ಮೇಲಾ? ಅಯ್ಯೋ ಈ ಮನುಷ್ಯಂಗೆ..." ಅಂದಳು. ಹಿಟ್ಟಿನ ಕೋಲನ್ನು ಅಲ್ಲೇ ಟಿವಿ ಮೇಲೆ ಇಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಿನ್ನ ಹದಿಮೂರು ದಿನದಲ್ಲೂ ಅವಳು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ನಿನಗೆ ಬೈಗುಳ ಶುರುವಾಯಿತು. "ನನ್ನೇ ಒಂದ್ ಮಾತು ಕೇಳಕ್ಕೇನಾಗಿತ್ತು ಅವ್ರಿಗೆ? ಊರ್‌ಗೆಲ್ಲ ಮೈಕ್ ಕಟ್ಟಿದ್ರು, ಮನೇಲಿ ಬಾಯಿಲ್ಲ." ಅವಳೂ ಹೇಳಲಿಲ್ಲ, ನೀನೂ ಕೇಳಲಿಲ್ಲ, ನ್ಯಾಯ ಯಾರ ಕಡೆ ಅಂತ ನಾನು ತೀರ್ಪು ಕೊಡಲು ಹೋಗಲಿಲ್ಲ. ಮುದ್ದೆ ತಳ ಹಿಡಿದಿತ್ತು.

ಈಗ ಬಾ ಮೊದಲ ಪ್ರಶ್ನೆಗೆ: ಹಳೆಯದಾ, ಹೊಸದಾ? ಉತ್ತರ ಸುಲಭ ಅಂದುಕೊಂಡೆ. ನಜೀರ್ ಭಾಯ್ ಹತ್ತಿರ ಪ್ಲಾಸ್ಟರ್ ಬಿಚ್ಚಿಸಿದರೆ ಆಯಿತು, ಸ್ಟೆಬಿಲೈಸರಿನಲ್ಲೂ ಹಾಡು ಸರಿಯಾದ ವೇಗದಲ್ಲಿ ಬರುತ್ತದೆ. ಜೊತೆಗೆ ಹೊಸ ಮುಳ್ಳು, ಹೊಸ ವೈರು. ಗೆದ್ದೆ ಅಂತ ನಿನ್ನ ಅಳಿಯನ ಮುಂದೆ ಬೀಗಿದೆ. ಆದರೆ ಅದೇ ವಾರ ಅಮ್ಮನಿಗೆ ನೆಗಡಿಯಾಯಿತು. ಸಂಜೆಯ ವೇಗಕ್ಕೂ ಅವಳ ದನಿ ಏರಲಿಲ್ಲ. ಒಂದು ಸಾಲು ಹಾಡಿ, ಕೆಮ್ಮಿ, ಸುಮ್ಮನಾದಳು. ಆ ಸುಮ್ಮನಾದ ಮುಖ ನೋಡಿ ನನಗೆ ಭಯವಾಯಿತು. ವರ್ಷ ಹೋದ ಹಾಗೆ ದನಿ ಇನ್ನೂ ಇಳಿಯುತ್ತದೆ. ಆಗೇನು ಮಾಡುವುದು?

ನಿನ್ನ ಅಳಿಯ ಆಗ ಒಂದು ಕೆಲಸ ಮಾಡಿದರು, ಅದಕ್ಕೆ ಅವರಿಗೆ ನೂರಕ್ಕೆ ನೂರು ಕೊಟ್ಟಿದ್ದೇನೆ. ಇಂದಿರಾನಗರದಲ್ಲಿ ಒಂದು ಪಬ್ಬಿನವರು ಇನ್ನು ಸಿಡಿಯೇ ಸಾಕು ಅಂತ ತಮ್ಮ ಟರ್ನ್‌ಟೇಬಲ್ ಮಾರುತ್ತಿದ್ದಾರೆ ಅಂತ ಪತ್ತೆ ಮಾಡಿ, ಮಧ್ಯಾಹ್ನ ಪಬ್ಬು ಖಾಲಿ ಇದ್ದಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ನಿನ್ನ ಹೆಂಡತಿ ಪಬ್ಬಿಗೆ ಹೋಗಿದ್ದಳು, ಕೇಳಿಸಿತಾ? ಆ ಟರ್ನ್‌ಟೇಬಲ್ಲಿನ ಪಕ್ಕದಲ್ಲಿ ಒಂದು ಉದ್ದನೆಯ ಜಾರುಗುಂಡಿ ಇದೆ. ಒಂದು ಕಡೆ ತಳ್ಳಿದರೆ ಹಾಡಿನ ವೇಗ ಕೂದಲೆಳೆಯಷ್ಟು ಏರುತ್ತದೆ, ಇನ್ನೊಂದು ಕಡೆ ತಳ್ಳಿದರೆ ಇಳಿಯುತ್ತದೆ. ಕಿವಿಗೆ ಓಲೆ ಹಾಕಿದ್ದ ಹುಡುಗ, "ಆಂಟಿ, ಇದು ಡಿಜೆದು, ಎರಡು ಹಾಡು ಮ್ಯಾಚ್ ಮಾಡಕ್ಕೆ" ಅಂತ ವಿವರಿಸಿದ. ಅಮ್ಮ ಸೀರೆ ಅಂಗಡಿಯ ಚೀಲದಿಂದ ಆ ದೇವಿಯ ರೆಕಾರ್ಡು ತೆಗೆದುಕೊಟ್ಟಳು. ಹಾಡು ಶುರುವಾಯಿತು. ಅವಳು ಒಂದು ಬೆರಳಲ್ಲಿ ಗುಂಡಿಯನ್ನು ಸರಿಸುತ್ತಾ, ಗುನುಗುತ್ತಾ, ಇನ್ನಷ್ಟು ಸರಿಸಿ, ಒಂದು ಕಡೆ ನಿಲ್ಲಿಸಿ ಪೂರ್ತಿ ಪಲ್ಲವಿ ಹಾಡಿಬಿಟ್ಟಳು. ಕುರ್ಚಿ ಒರೆಸುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. "ಇದೇ ಇರ್ಲಿ" ಅಂದಳು.

ದಾರಿಯಲ್ಲಿ ನಾನು ಮುಖ ದುಮ್ಮಿಸಿಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ಹಳೆಯದನ್ನೂ ಇಟ್ಟುಕೊಳ್ಳೋಣ, ಅಪ್ಪನ ಕೈಯಿಂದ ಸುತ್ತಿದ್ದು ಅದರಲ್ಲಿದೆ ಅಂದೆ. ಅಮ್ಮ ಕಿಟಕಿಯಾಚೆ ನೋಡುತ್ತಾ ಹೇಳಿದಳು: "ಅವ್ರು ಶಾಮಿಯಾನಕ್ಕೆ ತಕ್ಕಂಗೆ ಸುತ್ತಿದ್ರು. ನಂಗೆ ತಕ್ಕಂಗೆ ಮಾಡು ಅಂತ ನಾನ್ ಕೇಳಿದ್ರೆ ನಂಗೂ ಸುತ್ತಿಕೊಡ್ತಿದ್ರು. ಹಳೇದು ಆ ನಜೀರ್ ಸಾಬ್ರಿಗೇ ಕೊಟ್ಬಿಡು, ಓಡ್ಲಿ ಎಲ್ಲಾದ್ರೂ." ಕೊಟ್ಟೆ ಅಪ್ಪ. ಬೆನ್ಸನ್ ಟೌನಿನಲ್ಲಿ ಯಾರೋ ಹಳೆ ರೆಕಾರ್ಡು ಕೂಡಿಸುವವರು ತಗೊಂಡರಂತೆ. ಪ್ಲಾಸ್ಟರನ್ನು ನೆನಪಿಗೆ ಅಂತ ಬಿಚ್ಚಿಟ್ಟುಕೊಳ್ಳಲಿಲ್ಲ, ಅದು ಮೋಟರಿನ ಜೊತೆಯೇ ಹೋಯಿತು. ನಿನಗೆ ಬೇಸರವಾದರೆ ಅಮ್ಮನ ಹತ್ತಿರ ಜಗಳ ಆಡು, ನನ್ನ ಹತ್ತಿರ ಬೇಡ. ಹೊಸದನ್ನು ಅವಳು ಅರಿಶಿನ ಕುಂಕುಮ ಇಟ್ಟು ಒಳಗೆ ಕರೆದುಕೊಂಡಳು. ದಿನಾ ಸಂಜೆ ತನ್ನ ಗಂಟಲು ಹೇಗಿದೆ ಅಂತ ನೋಡಿಕೊಂಡು ಗುಂಡಿ ಸರಿಸಿಕೊಂಡು ಹಾಡುತ್ತಾಳೆ. ಈಗ ಬೆಳಿಗ್ಗೆಯೂ.

ಇಷ್ಟು ಬರೆದು ಕೂತಿದ್ದಾಗ ಅಮ್ಮ ಕಾಫಿ ತಂದಿಟ್ಟು, ಬಗ್ಗಿ ನೋಡಿ, "ಯಾರ್‌ಗೇ ಇಷ್ಟುದ್ದ?" ಅಂದಳು. ಅಪ್ಪನಿಗೆ ಅಂದೆ. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಕುರ್ಚಿಯ ಬೆನ್ನು ಹಿಡಿದು ಹೇಳಿದಳು:

"ನಾನ್ ಹೇಳಿದ್ದೂ ಒಂದ್ ಬರಿ. ಆ ವರ್ಷ ಅವ್ರು ಪ್ಲೇಟು ಹಾಕ್ದಾಗೆಲ್ಲ ಎದ್ದು ಒಳಗ್ ಹೋಗ್ತಿದ್ನಲ್ಲ, ಒಳಗೆ ಸುಮ್ನೆ ಇರ್ತಿರ್ಲಿಲ್ಲ ನಾನು. ಒಲೆ ಮುಂದೆ ನಿಂತ್ಕೊಂಡು, ದನಿ ತೆಗೀದೆ, ಬರೀ ತುಟೀಲಿ ಜೊತೆಗೇ ಹಾಡ್ತಿದ್ದೆ. ಕೊನೇ ಸಾಲಿನ ತನಕ. ಒಂದ್ ಸಂಜೆನೂ ತಪ್ಪಿಸಿಲ್ಲ ಅಂತ ಬರಿ."

ಬರೆದಿದ್ದೇನೆ, ಅಪ್ಪ.

ನಿನ್ನ ಮಂಜು